ಮನೆಯಲ್ಲಿ ಬ್ರೆಡ್ ಮಾಡಲು ಕಲಿಯುವವರಿಗೆ: ಒಂದೇ ಕಣಕವನ್ನು ಚೆನ್ನಾಗಿ ಅರಿಯುವ ಬಗೆ

ಬ್ರೆಡ್ಡಿಗೆ ಬೇಕಾಗುವ ಪದಾರ್ಥಗಳು ನಾಲ್ಕೇ: ಹಿಟ್ಟು, ನೀರು, ಉಪ್ಪು ಮತ್ತು ಯೀಸ್ಟ್. ಹೀಗಿದ್ದರೂ ಒಂದೇ ಅಳತೆಯಲ್ಲಿ, ಒಂದೇ ಕ್ರಮದಲ್ಲಿ ಮಾಡಿದ ಬ್ರೆಡ್ ಒಂದು ದಿನ ಹಗುರವಾಗಿ ಉಬ್ಬಿ ಬಂದರೆ ಇನ್ನೊಂದು ದಿನ ಗಟ್ಟಿಯಾಗಿ, ಕುಗ್ಗಿಕೊಂಡು ಬರುತ್ತದೆ. ಹೊಸದಾಗಿ ಕಲಿಯುವವರು ಆಗ ಯೀಸ್ಟನ್ನು ಶಂಕಿಸುತ್ತಾರೆ, ಇಲ್ಲವೇ ತಮಗೆ ಕೈಗುಣವಿಲ್ಲವೆಂದು ಬೇಸರಪಟ್ಟು ಬಿಟ್ಟುಬಿಡುತ್ತಾರೆ. ಆ ಎರಡು ದಿನಗಳ ನಡುವೆ ನಿಜವಾಗಿ ಬದಲಾಗಿರುವುದು ಬಹುಮಟ್ಟಿಗೆ ಅಡುಗೆಮನೆಯ ಉಷ್ಣಾಂಶ, ಅದರಿಂದಾಗಿ ಕಣಕದ ಉಷ್ಣಾಂಶ. ಇದನ್ನು ಗಮನಿಸುವ ಅಭ್ಯಾಸ ಬಂದರೆ ಬ್ರೆಡ್ ಮಾಡುವ ಕೆಲಸದ ಅರ್ಧದಷ್ಟು ಗೊಂದಲ ತಾನಾಗಿಯೇ ಕರಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ವಾರಕ್ಕೊಂದು ಹೊಸ ಬಗೆಯ ಬ್ರೆಡ್ ಪ್ರಯತ್ನಿಸುವವರು ವರ್ಷ ಕಳೆದರೂ ಯಾವುದನ್ನೂ ಪೂರ್ತಿಯಾಗಿ ಕಲಿತಿರುವುದಿಲ್ಲ, ಏಕೆಂದರೆ ಪ್ರತಿ ಸಲವೂ ಹಿಟ್ಟು, ನೀರು, ಸಮಯ, ಆಕಾರ ಎಲ್ಲವೂ ಬದಲಾಗಿರುವುದರಿಂದ ಯಾವುದರ ಪರಿಣಾಮ ಯಾವುದು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಒಂದೇ ಒಂದು ಕಣಕವನ್ನು ಇಟ್ಟುಕೊಂಡು, ಅದನ್ನು ಟಿನ್ನಿನಲ್ಲಿ ಬೇಯಿಸುವ ಕ್ರಮವನ್ನು ವಿವರಿಸುತ್ತೇನೆ. ಅದೇ ಕಣಕವನ್ನು ಮತ್ತೆ ಮತ್ತೆ ಮಾಡಿ, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ ಹೋಗುವುದು ಕಲಿಕೆಯ ಅತ್ಯಂತ ಹತ್ತಿರದ ದಾರಿ.

ಅಳತೆ ಮತ್ತು ತೂಕ

ನಮ್ಮ ಕಣಕದ ಅಳತೆ ಹೀಗಿದೆ: 500 ಗ್ರಾಂ ಹಿಟ್ಟು, 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಯೀಸ್ಟ್. ಸುಮಾರು 23 ಸೆಂಟಿಮೀಟರ್ ಉದ್ದ, 13 ಸೆಂಟಿಮೀಟರ್ ಅಗಲದ ಬ್ರೆಡ್ ಟಿನ್ನಿಗೆ ಇದು ಸರಿಹೊಂದುತ್ತದೆ. ನೀರನ್ನೂ ಗ್ರಾಂ ಲೆಕ್ಕದಲ್ಲೇ ಹೇಳಿರುವುದನ್ನು ಗಮನಿಸಿ. ಒಂದು ಗ್ರಾಂ ವ್ಯತ್ಯಾಸವನ್ನು ತೋರಿಸುವ ಡಿಜಿಟಲ್ ತೂಕದ ಯಂತ್ರ ಈ ಕೆಲಸಕ್ಕೆ ಬೇಕಾದ ಮೊದಲ ಸಾಧನ. ಅದಿಲ್ಲದೆ ಬೇರೆ ಏನನ್ನು ಕೊಂಡರೂ ಪ್ರಯೋಜನ ಕಡಿಮೆ. ಕಪ್ಪಿನಲ್ಲಿ ಹಿಟ್ಟನ್ನು ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ ಹಿಡಿಯುತ್ತದೆ, ಅದೇ ಕಪ್ಪನ್ನು ಹಿಟ್ಟಿನೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ದಾಟುತ್ತದೆ. ನಾಲ್ಕು ಕಪ್ಪು ಹಾಕುವ ಹೊತ್ತಿಗೆ ನೂರು ಗ್ರಾಂಗಿಂತ ಹೆಚ್ಚಿನ ವ್ಯತ್ಯಾಸ ಬಂದು, ಮೃದುವಾಗಬೇಕಿದ್ದ ಕಣಕ ಕಲ್ಲಾಗುತ್ತದೆ.

ಬ್ರೆಡ್ ಮಾಡುವ ವೃತ್ತಿಯವರು ಹಿಟ್ಟನ್ನು ಯಾವಾಗಲೂ ನೂರು ಎಂದು ಹಿಡಿದು ಉಳಿದ ಪದಾರ್ಥಗಳನ್ನು ಅದರ ಶೇಕಡಾವಾರು ಪ್ರಮಾಣದಲ್ಲಿ ಹೇಳುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಕಣಕದಲ್ಲಿ ನೀರು ಶೇ 65, ಉಪ್ಪು ಶೇ 2, ಯೀಸ್ಟ್ ಶೇ 1. ಈ ಕ್ರಮವನ್ನು ರೂಢಿಸಿಕೊಂಡರೆ ಯಾವುದೇ ಪಾಕವಿಧಾನವನ್ನು ಓದಿದ ಕೂಡಲೇ ಆ ಕಣಕ ಬಿಗಿಯಾಗಿರುತ್ತದೆಯೋ ಅಂಟಂಟಾಗಿರುತ್ತದೆಯೋ ಎಂದು ಊಹಿಸಬಹುದು. ನೀರು ಶೇ 60ರ ಆಸುಪಾಸಿನಲ್ಲಿದ್ದರೆ ಕಣಕ ಬಿಗಿ, ಶೇ 75 ದಾಟಿದರೆ ಕೈಗೆ ಮೆತ್ತಿಕೊಳ್ಳುವಷ್ಟು ಸಡಿಲ. ಕಲಿಯುವವರಿಗೆ ಶೇ 65 ಹಿತವಾದ ನಡುದಾರಿ.

ಹಿಟ್ಟು ಮತ್ತು ಯೀಸ್ಟ್

ಗೋಧಿಯಲ್ಲಿ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ಬೆರೆತಾಗ ಇವು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಹಿಗ್ಗುವ ಜಾಲವಾಗುತ್ತವೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹಿಡಿದಿಟ್ಟು ಬ್ರೆಡ್ಡನ್ನು ಉಬ್ಬಿಸುವುದು ಈ ಜಾಲವೇ. ಆದ್ದರಿಂದ ಹಿಟ್ಟಿನ ಪೊಟ್ಟಣದ ಮೇಲೆ ಮುದ್ರಿತವಾಗಿರುವ ಪ್ರೋಟೀನಿನ ಪ್ರಮಾಣವನ್ನು ನೋಡಿ ಕೊಳ್ಳಬೇಕು. ನೂರು ಗ್ರಾಂ ಹಿಟ್ಟಿಗೆ 11ರಿಂದ 13 ಗ್ರಾಂ ಪ್ರೋಟೀನ್ ಇರುವ ಬಿಳಿ ಹಿಟ್ಟು ಬ್ರೆಡ್ಡಿಗೆ ಉತ್ತಮ. ಕೇಕಿಗೆಂದು ಮಾರುವ 8–9 ಗ್ರಾಂ ಪ್ರೋಟೀನಿನ ಮೈದಾದಿಂದಲೂ ಬ್ರೆಡ್ ಆಗುತ್ತದೆ, ಆದರೆ ಅದು ಕಡಿಮೆ ನೀರನ್ನು ಹೀರುವುದರಿಂದ ಕಣಕ ಸಡಿಲವಾಗುತ್ತದೆ ಮತ್ತು ಅಷ್ಟು ಎತ್ತರಕ್ಕೆ ಏರುವುದಿಲ್ಲ. ಅಂಥ ಹಿಟ್ಟೇ ಕೈಯಲ್ಲಿದ್ದರೆ ನೀರನ್ನು 300 ಗ್ರಾಂಗೆ ಇಳಿಸಿ ಆರಂಭಿಸಿ.

ಹೊಟ್ಟು ತೆಗೆಯದ ಗೋಧಿ ಹಿಟ್ಟಿನ ಸಂಗತಿ ಬೇರೆ. ಅದರಲ್ಲಿ ಪ್ರೋಟೀನ್ ಸಾಕಷ್ಟಿದ್ದರೂ ಹೊಟ್ಟಿನ ಚೂರುಗಳು ಗ್ಲುಟೆನ್ ಜಾಲ ಕೂಡಿಕೊಳ್ಳುವುದಕ್ಕೆ ಅಡ್ಡಿಮಾಡುತ್ತವೆ ಮತ್ತು ನೀರನ್ನು ಹೆಚ್ಚಾಗಿ ಹೀರುತ್ತವೆ. ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ಡಿನಿಂದಲೇ ಕಲಿಕೆಯನ್ನು ಆರಂಭಿಸಬೇಡಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಅದು ಆರೋಗ್ಯದ ದೃಷ್ಟಿಯಿಂದ ಒಳ್ಳೆಯ ಆಯ್ಕೆಯೇ ಆದರೂ ಕಣಕದ ಲಕ್ಷಣಗಳು ಅದರಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಬಿಳಿ ಹಿಟ್ಟಿನಲ್ಲಿ ಕೈ ಕುದುರಿದ ಮೇಲೆ ಮೊದಲು 100 ಗ್ರಾಂನಷ್ಟು ಗೋಧಿ ಹಿಟ್ಟನ್ನು ಬದಲಿಗೆ ಹಾಕಿ, ನೀರನ್ನು 15–20 ಗ್ರಾಂ ಏರಿಸಿ, ಅಲ್ಲಿಂದ ಮೆಲ್ಲಗೆ ಮುಂದುವರಿಯಬಹುದು.

ಯೀಸ್ಟ್ ಒಂದು ಜೀವಿ. ಹುದುಗುವಿಕೆ ಜೀವಂತ ಯೀಸ್ಟಿನ ಕೆಲಸವೆಂದು ಲೂಯಿ ಪಾಶ್ಚರ್ ಪ್ರಯೋಗಗಳ ಮೂಲಕ ತೋರಿಸಿಕೊಟ್ಟದ್ದು 1850ರ ದಶಕದ ಕೊನೆಯ ವರ್ಷಗಳಲ್ಲಿ ಮತ್ತು 1860ರ ದಶಕದಲ್ಲಿ. ಅದಕ್ಕೂ ಸಾವಿರಾರು ವರ್ಷಗಳ ಹಿಂದಿನಿಂದಲೇ ಜನ ಅದರ ಹೆಸರು ತಿಳಿಯದೆ ಅದನ್ನು ಸಾಕಿಕೊಂಡು ಬಂದಿದ್ದರು. ಇಂದು ಅಂಗಡಿಗಳಲ್ಲಿ ಅದು ಮೂರು ರೂಪಗಳಲ್ಲಿ ಸಿಗುತ್ತದೆ. ಇನ್‌ಸ್ಟಂಟ್ ಯೀಸ್ಟನ್ನು ನೇರವಾಗಿ ಹಿಟ್ಟಿಗೆ ಬೆರೆಸಬಹುದು. ಆ್ಯಕ್ಟಿವ್ ಡ್ರೈ ಯೀಸ್ಟಿನ ಹರಳುಗಳು ದಪ್ಪವಾಗಿರುವುದರಿಂದ ಅದನ್ನು 38ರಿಂದ 43 ಡಿಗ್ರಿ ಸೆಲ್ಸಿಯಸ್ಸಿನ ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಬೇಕು. ಒದ್ದೆಯಾದ ಹಸಿ ಯೀಸ್ಟ್ ಬಹುಬೇಗ ಕೆಡುತ್ತದೆ. 5 ಗ್ರಾಂ ಇನ್‌ಸ್ಟಂಟ್ ಯೀಸ್ಟಿಗೆ ಬದಲಾಗಿ ಸುಮಾರು 6 ಗ್ರಾಂ ಆ್ಯಕ್ಟಿವ್ ಡ್ರೈ ಅಥವಾ 15 ಗ್ರಾಂ ಹಸಿ ಯೀಸ್ಟ್ ಬೇಕಾಗುತ್ತದೆ. ಪೊಟ್ಟಣ ಒಡೆದು ಬಹಳ ದಿನವಾಗಿ ಅನುಮಾನವಿದ್ದರೆ ಸ್ವಲ್ಪ ಯೀಸ್ಟನ್ನು ಚಿಟಿಕೆ ಸಕ್ಕರೆಯೊಂದಿಗೆ ಬೆಚ್ಚಗಿನ ನೀರಿಗೆ ಹಾಕಿ ನೋಡಿ. ಹತ್ತು–ಹದಿನೈದು ನಿಮಿಷದಲ್ಲಿ ನೊರೆ ಬರದಿದ್ದರೆ ಅದು ಸತ್ತಿದೆ. ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ.

ಕಣಕಕ್ಕೆ ಸಕ್ಕರೆ ಹಾಕಲೇಬೇಕೆಂದೇನೂ ಇಲ್ಲ. ಹಿಟ್ಟಿನಲ್ಲೇ ಇರುವ ಅಮೈಲೇಸ್ ಎಂಬ ಕಿಣ್ವಗಳು ಪಿಷ್ಟವನ್ನು ಒಡೆದು ಯೀಸ್ಟಿಗೆ ಬೇಕಾದ ಸಕ್ಕರೆಯನ್ನು ಒದಗಿಸುತ್ತವೆ. ಉಪ್ಪನ್ನು ಮಾತ್ರ ಬಿಡಬಾರದು. ಅದು ರುಚಿಗಷ್ಟೇ ಅಲ್ಲ, ಗ್ಲುಟೆನ್ ಜಾಲವನ್ನು ಬಿಗಿಗೊಳಿಸುತ್ತದೆ ಮತ್ತು ಹುದುಗುವಿಕೆಯ ವೇಗವನ್ನು ಹತೋಟಿಯಲ್ಲಿಡುತ್ತದೆ.

ನೀರಿನ ಬಿಸಿ: ಮೊದಲೇ ಮಾಡಬೇಕಾದ ಲೆಕ್ಕ

ಬಹುತೇಕ ಪಾಕವಿಧಾನಗಳಲ್ಲಿ “ಉಗುರುಬೆಚ್ಚಗಿನ ನೀರು” ಎಂದು ಬರೆದಿರುತ್ತದೆ. ಚಳಿಯ ದಿನಕ್ಕೆ ಈ ಮಾತು ಸರಿ, ಸೆಕೆಯ ದಿನಕ್ಕೆ ಖಂಡಿತ ತಪ್ಪು. ನಾವು ಗುರಿಯಿಡಬೇಕಾದುದು ನೀರಿನ ಬಿಸಿಯನ್ನಲ್ಲ, ನಾದಿ ಮುಗಿಸಿದಾಗ ಕಣಕಕ್ಕೆ ಇರುವ ಬಿಸಿಯನ್ನು. ಅದು 25–26 ಡಿಗ್ರಿಯ ಸುತ್ತಮುತ್ತ ಇದ್ದರೆ ಯೀಸ್ಟ್ ಹದವಾದ ವೇಗದಲ್ಲಿ ಕೆಲಸ ಮಾಡುತ್ತದೆ, ಕಣಕಕ್ಕೆ ಬಲವೂ ರುಚಿಯೂ ಬರಲು ಸಮಯ ಸಿಗುತ್ತದೆ.

ಇದಕ್ಕೊಂದು ಸರಳ ಲೆಕ್ಕವಿದೆ. ಬೇಕಾದ ಉಷ್ಣಾಂಶವನ್ನು ಮೂರರಿಂದ ಗುಣಿಸಿ, ಅದರಿಂದ ಕೋಣೆಯ ಉಷ್ಣಾಂಶವನ್ನೂ ಹಿಟ್ಟಿನ ಉಷ್ಣಾಂಶವನ್ನೂ ಕಳೆಯಿರಿ. ಉಳಿದದ್ದೇ ನೀರಿಗೆ ಇರಬೇಕಾದ ಉಷ್ಣಾಂಶ. 26ನ್ನು ಮೂರರಿಂದ ಗುಣಿಸಿದರೆ 78. ಕೋಣೆ 31 ಡಿಗ್ರಿ, ಅಲ್ಲೇ ಇಟ್ಟಿರುವ ಹಿಟ್ಟೂ 31 ಡಿಗ್ರಿ ಇದ್ದರೆ ನೀರು 16 ಡಿಗ್ರಿ, ಅಂದರೆ ಫ್ರಿಜ್ಜಿನ ನೀರನ್ನು ಸ್ವಲ್ಪ ಬೆರೆಸಿದ ತಣ್ಣನೆಯ ನೀರು ಆಗಿರಬೇಕು. ಅದೇ ಕೋಣೆ ಮತ್ತು ಹಿಟ್ಟು 18 ಡಿಗ್ರಿಯಲ್ಲಿದ್ದರೆ ನೀರು 42 ಡಿಗ್ರಿ, ಅಂದರೆ ಕೈಗೆ ಚೆನ್ನಾಗಿ ಬಿಸಿ ತಾಗುವಷ್ಟು ಇರಬೇಕು. ಒಂದೇ ಅಳತೆಯ ಕಣಕಕ್ಕೆ ನೀರಿನ ಬಿಸಿ ಎಷ್ಟು ಬೇರೆಯಾಗುತ್ತದೆ ನೋಡಿ. ಯಂತ್ರದಲ್ಲಿ ನಾದುವವರು ತಿಕ್ಕಾಟದಿಂದ ಕಣಕ ಇನ್ನೂ ಕೆಲವು ಡಿಗ್ರಿ ಬಿಸಿಯಾಗುತ್ತದೆ ಎಂಬುದನ್ನು ನೆನಪಿಟ್ಟು ನೀರನ್ನು ಮತ್ತಷ್ಟು ತಂಪಾಗಿ ತೆಗೆದುಕೊಳ್ಳಬೇಕು. ಚುಚ್ಚಿ ನೋಡುವ ಅಡುಗೆಯ ಥರ್ಮಾಮೀಟರ್ ಒಂದಿದ್ದರೆ ಈ ಹಂತದಲ್ಲೂ ಮುಂದೆ ಬ್ರೆಡ್ ಬೆಂದಿದೆಯೇ ಎಂದು ನೋಡುವಾಗಲೂ ಉಪಯೋಗಕ್ಕೆ ಬರುತ್ತದೆ. ನೀರು ಎಂದಿಗೂ 50 ಡಿಗ್ರಿ ದಾಟದಿರಲಿ, ಅಲ್ಲಿಂದ ಮುಂದೆ ಯೀಸ್ಟ್ ಸಾಯತೊಡಗುತ್ತದೆ.

ಕಲಸುವುದು ಮತ್ತು ನಾದುವುದು

ಅಗಲವಾದ ಪಾತ್ರೆಯಲ್ಲಿ ಹಿಟ್ಟು, ಯೀಸ್ಟ್, ಉಪ್ಪನ್ನು ಬೆರೆಸಿ, ನೀರನ್ನು ಒಮ್ಮೆಗೇ ಹೊಯ್ದು, ಒಣಹಿಟ್ಟು ಎಲ್ಲಿಯೂ ಉಳಿಯದಂತೆ ಕೈಯಿಂದಲೋ ಮರದ ಸೌಟಿನಿಂದಲೋ ಕೂಡಿಸಿ. ಈಗ ಅದು ಒರಟಾಗಿ, ಗಂಟುಗಂಟಾಗಿ ಕಾಣುತ್ತದೆ. ತಕ್ಷಣ ನಾದಲು ಹೊರಡದೆ ಪಾತ್ರೆಯನ್ನು ಮುಚ್ಚಿ ಇಪ್ಪತ್ತು ನಿಮಿಷ ಹಾಗೆಯೇ ಬಿಡಿ. ಈ ವಿರಾಮದಲ್ಲಿ ಹಿಟ್ಟು ನೀರನ್ನು ಪೂರ್ತಿಯಾಗಿ ಹೀರಿಕೊಳ್ಳುತ್ತದೆ, ಗ್ಲುಟೆನ್ ತಾನಾಗಿಯೇ ಹೆಣೆದುಕೊಳ್ಳಲು ಆರಂಭಿಸುತ್ತದೆ, ನಿಮ್ಮ ತೋಳಿನ ಶ್ರಮ ಅಷ್ಟರ ಮಟ್ಟಿಗೆ ಉಳಿಯುತ್ತದೆ. ಹಿಟ್ಟು ಮತ್ತು ನೀರನ್ನು ಮಾತ್ರ ಕಲಸಿ ಬಿಟ್ಟು, ಯೀಸ್ಟ್ ಮತ್ತು ಉಪ್ಪನ್ನು ಆಮೇಲೆ ಸೇರಿಸುವ ಕ್ರಮವನ್ನು ಫ್ರಾನ್ಸಿನ ಬ್ರೆಡ್ ತಜ್ಞ ರೇಮಂಡ್ ಕಾಲ್ವೆಲ್ 1974ರಲ್ಲಿ ರೂಪಿಸಿ ಅದಕ್ಕೆ ಆಟೊಲೀಸ್ ಎಂದು ಹೆಸರಿಟ್ಟರು. ಮನೆಯ ಮಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಕಲಸಿ ಬಿಟ್ಟರೂ ಆ ಲಾಭದ ಬಹುಪಾಲು ದೊರೆಯುತ್ತದೆ.

ನಾದುವುದನ್ನು ಮೊದಲ ಕೆಲವು ಸಲವಾದರೂ ಕೈಯಿಂದಲೇ ಮಾಡಬೇಕು. ಯಂತ್ರ ಚೆನ್ನಾಗಿ ನಾದುತ್ತದೆ, ನಿಜ. ಆದರೆ ಕಣಕ ಹದಕ್ಕೆ ಬರುವುದನ್ನು ಬೆರಳುಗಳು ತಿಳಿದುಕೊಳ್ಳಬೇಕಾದರೆ ಬೇರೆ ದಾರಿಯಿಲ್ಲ. ಕಣಕವನ್ನು ಒಣ ಹಲಗೆಯ ಮೇಲೆ ಹಾಕಿ, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ತುದಿಯನ್ನು ಹಿಡಿದು ನಿಮ್ಮ ಕಡೆಗೆ ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ. ಮೊದಲ ಎರಡು ನಿಮಿಷ ಅದು ಬೆರಳ ಸಂದುಗಳಿಗೆಲ್ಲ ಮೆತ್ತಿಕೊಳ್ಳುತ್ತದೆ, ತಳ್ಳಿದ ಕಡೆಯಲ್ಲಿ ಮೇಲ್ಮೈ ಹರಿಯುತ್ತದೆ. ಹೊಸಬರು ಹಿಟ್ಟಿನ ಡಬ್ಬಿಗೆ ಕೈಹಾಕುವುದು ಇಲ್ಲಿಯೇ. ದಯವಿಟ್ಟು ಹಿಟ್ಟು ಸೇರಿಸಬೇಡಿ. ಆಗಾಗ ಒಂದೊಂದು ಹಿಡಿ ಉದುರಿಸಿದ ಹಿಟ್ಟು ಕೊನೆಗೆ ಐವತ್ತು–ಅರವತ್ತು ಗ್ರಾಂ ಆಗಿ, ಶೇ 65ರ ಕಣಕವನ್ನು ಶೇ 58ಕ್ಕೆ ಇಳಿಸಿಬಿಡುತ್ತದೆ. ಅದರ ಬದಲು ಕೈಯನ್ನು ಲಘುವಾಗಿ ಒದ್ದೆ ಮಾಡಿಕೊಂಡು, ಹಲಗೆಗೆ ಅಂಟಿದ್ದನ್ನು ಚಪ್ಪಟೆ ಪಟ್ಟಿಯಿಂದ ಕೆರೆದು ಕೂಡಿಸುತ್ತ ಮುಂದುವರಿಯಿರಿ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಅಂಟು ಹಲಗೆಯನ್ನು ಬಿಟ್ಟು ಕಣಕದೊಳಗೇ ಸೇರಿಕೊಳ್ಳುತ್ತದೆ, ಕೈಗಳು ತಾವಾಗಿಯೇ ಚೊಕ್ಕಟವಾಗುತ್ತವೆ. ಎಂಟರಿಂದ ಹತ್ತು ನಿಮಿಷಕ್ಕೆ ಮೇಲ್ಮೈ ನುಣುಪಾಗಿ, ಬಿಗಿದುಕೊಂಡು, ಒಳಗೆ ಕಿವಿಯ ಹಾಲೆಯಷ್ಟು ಮೃದುವಾಗಿರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೇಗನೆ ತುಂಬಿಕೊಳ್ಳುತ್ತದೆ.

ಹದ ಬಂದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು ನಿಂಬೆ ಗಾತ್ರದ ತುಣುಕನ್ನು ತೆಗೆದುಕೊಂಡು ಎರಡೂ ಕೈಗಳ ಬೆರಳುಗಳಿಂದ ನಿಧಾನವಾಗಿ ನಾಲ್ಕೂ ಕಡೆಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಬೆಳಕು ಹಾಯುವಷ್ಟು ತೆಳ್ಳಗಿನ ಪೊರೆಯಾಗಿ ಹರಡಿದರೆ ನಾದಿದ್ದು ಸಾಕು. ಪೊರೆಯಾಗುವ ಮೊದಲೇ ಹರಿದರೆ ಕಣಕವನ್ನು ಐದು ನಿಮಿಷ ಮುಚ್ಚಿಟ್ಟು ಮತ್ತೆ ಎರಡು ನಿಮಿಷ ನಾದಿ. ಕೈಯಿಂದ ಅತಿಯಾಗಿ ನಾದಿ ಕೆಡಿಸುವುದು ಹೆಚ್ಚುಕಡಿಮೆ ಅಸಾಧ್ಯ, ಆ ಬಗ್ಗೆ ಚಿಂತೆ ಬೇಡ.

ಮೊದಲ ಉಬ್ಬು

ಕಣಕವನ್ನು ಉಂಡೆಯಾಗಿಸಿ, ಒಳಮೈಗೆ ಎಣ್ಣೆ ಸವರಿದ ಪಾತ್ರೆಗೆ ಹಾಕಿ ಮುಚ್ಚಿಡಿ. ಸಾಧ್ಯವಾದರೆ ಗೋಡೆಗಳು ನೇರವಾಗಿರುವ, ಪಾರದರ್ಶಕವಾದ ಡಬ್ಬಿಯನ್ನು ಬಳಸಿ, ಕಣಕದ ಮಟ್ಟಕ್ಕೆ ಹೊರಗಿನಿಂದ ಒಂದು ರಬ್ಬರ್ ಬ್ಯಾಂಡ್ ಹಾಕಿ. ದುಂಡನೆಯ ಬಟ್ಟಲಿನಲ್ಲಿ ಎರಡುಪಟ್ಟಾಗಿದೆಯೇ ಎಂದು ಕಣ್ಣಳತೆಯಿಂದ ಹೇಳುವುದು ಕಷ್ಟ. ನೇರ ಡಬ್ಬಿಯಲ್ಲಿ ಅನುಮಾನಕ್ಕೆ ಎಡೆಯೇ ಇರುವುದಿಲ್ಲ.

ಪಾಕವಿಧಾನದಲ್ಲಿ “ಒಂದು ಗಂಟೆ” ಎಂದಿದ್ದರೆ ಅದನ್ನು ಅಂದಾಜು ಎಂದಷ್ಟೇ ಓದಿಕೊಳ್ಳಬೇಕು. ನಮ್ಮ ಕಣಕ 26 ಡಿಗ್ರಿಯಲ್ಲಿ ಎರಡುಪಟ್ಟಾಗಲು ಒಂದರಿಂದ ಒಂದೂವರೆ ಗಂಟೆ ತೆಗೆದುಕೊಂಡರೆ, 32 ಡಿಗ್ರಿಯ ಕೋಣೆಯಲ್ಲಿ ಮುಕ್ಕಾಲು ಗಂಟೆಗೇ ಆ ಮಟ್ಟ ಮುಟ್ಟಬಹುದು, 20 ಡಿಗ್ರಿಯಲ್ಲಿ ಎರಡು ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಗಂಟೆಯನ್ನು ನಂಬಿ ನಡೆದವರು ಬೇಸಿಗೆಯಲ್ಲಿ ಹುಳಿಯಾಗಿ ಕುಸಿದ ಕಣಕವನ್ನೂ ಚಳಿಗಾಲದಲ್ಲಿ ಅರ್ಧ ಉಬ್ಬಿದ ಕಣಕವನ್ನೂ ಓವನ್ನಿಗೆ ಹಾಕುತ್ತಾರೆ. ಎರಡೂ ಸಂದರ್ಭಗಳಲ್ಲಿ ಪಾಕವಿಧಾನ ಒಂದೇ ಆಗಿರುತ್ತದೆ. ಎರಡುಪಟ್ಟಾದಂತೆ ಕಂಡಾಗ ಹಿಟ್ಟು ಸವರಿದ ಬೆರಳನ್ನು ಒಂದು ಸೆಂಟಿಮೀಟರಿನಷ್ಟು ಒಳಕ್ಕೆ ಒತ್ತಿ ತೆಗೆಯಿರಿ. ಗುಳಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ಸಮಯ ಬೇಕು. ಗುಳಿ ಹಾಗೆಯೇ ನಿಂತರೆ ಮುಂದಿನ ಹಂತಕ್ಕೆ ಸಿದ್ಧವಾಗಿದೆ. ಒತ್ತಿದ ಕೂಡಲೇ ಸುತ್ತಲಿನ ಭಾಗವೆಲ್ಲ ನಿಟ್ಟುಸಿರು ಬಿಟ್ಟು ಇಳಿದರೆ ಹೊತ್ತು ಮೀರಿದೆ. ಆಗಲೂ ಎಸೆಯಬೇಕಾಗಿಲ್ಲ, ಗಾಳಿಯನ್ನು ಪೂರ್ತಿ ಹೊರಹಾಕಿ ಬಿಗಿಯಾಗಿ ಆಕಾರ ಕೊಟ್ಟು, ಎರಡನೆಯ ಉಬ್ಬಿನ ಸಮಯವನ್ನು ಕಡಿಮೆ ಮಾಡಿದರೆ ತಿನ್ನಲು ಯೋಗ್ಯವಾದ ಬ್ರೆಡ್ಡೇ ಸಿಗುತ್ತದೆ.

ಹೊತ್ತು ಹೊಂದಿಸಲಾಗದವರಿಗೆ ಫ್ರಿಜ್ಜು ದೊಡ್ಡ ನೆರವು. ಯೀಸ್ಟನ್ನು 2–3 ಗ್ರಾಂಗೆ ಇಳಿಸಿ, ನಾದಿದ ಕಣಕವನ್ನು ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಮುಚ್ಚಿದ ಡಬ್ಬಿಯಲ್ಲಿ 4 ಡಿಗ್ರಿಯ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಬಹುದು. ತಂಪಿನಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಕಿಣ್ವಗಳ ಕೆಲಸ ಸಾಗುತ್ತಲೇ ಇರುತ್ತದೆ. ಆದ್ದರಿಂದ ಮರುದಿನದ ಬ್ರೆಡ್ಡಿಗೆ ರುಚಿಯೂ ಹೆಚ್ಚು, ಹೊರಪದರದ ಬಣ್ಣವೂ ಗಾಢ. ನನಗೆ ಕೇಳಿದರೆ, ಅವಸರದ ಬ್ರೆಡ್ಡಿಗಿಂತ ಇದೇ ಮೇಲು.

ಆಕಾರ ಕೊಡುವುದು, ಎರಡನೆಯ ಉಬ್ಬು

ಉಬ್ಬಿದ ಕಣಕವನ್ನು ಹಲಗೆಯ ಮೇಲೆ ಹಾಕಿ, ಅಂಗೈಯಿಂದ ತಟ್ಟಿ, ಟಿನ್ನಿನ ಉದ್ದಕ್ಕೆ ಸಮನಾದ ಅಗಲವಿರುವ ಆಯತವಾಗಿ ಹರಡಿ. ಮೇಲಿನ ಅಂಚಿನಿಂದ ಆರಂಭಿಸಿ, ಪ್ರತಿ ಸುತ್ತಿಗೂ ಹೆಬ್ಬೆರಳುಗಳಿಂದ ಒತ್ತುತ್ತ ಬಿಗಿಯಾಗಿ ಸುರುಳಿ ಸುತ್ತಿ, ಕೊನೆಯ ಅಂಚನ್ನು ಚಿವುಟಿ ಮುಚ್ಚಿ. ಸುರುಳಿ ಸಡಿಲವಾದರೆ ಬೆಂದ ಬ್ರೆಡ್ಡಿನೊಳಗೆ ಪೊಳ್ಳು ಉಳಿಯುತ್ತದೆ. ಚಿವುಟಿದ ಅಂಚು ಕೆಳಗೆ ಬರುವಂತೆ, ಎಣ್ಣೆ ಅಥವಾ ಬೆಣ್ಣೆ ಸವರಿದ ಟಿನ್ನಿನಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ. ನಡುಭಾಗ ಟಿನ್ನಿನ ಅಂಚಿಗಿಂತ ಎರಡು ಸೆಂಟಿಮೀಟರಿನಷ್ಟು ಮೇಲೇರಿದಾಗ, ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ತುಂಬಿಕೊಳ್ಳುತ್ತ ಸ್ವಲ್ಪ ಗುರುತನ್ನು ಉಳಿಸಿದಾಗ ಅದು ಓವನ್ನಿಗೆ ಸಿದ್ಧ. ಈ ಉಬ್ಬು ಮೊದಲಿನದಕ್ಕಿಂತ ಬೇಗ ಮುಗಿಯುತ್ತದೆ. ಆದ್ದರಿಂದ ಟಿನ್ನಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಓವನ್ನನ್ನು ಬಿಸಿಯಾಗಲು ಇಡಬೇಕು.

ಬೇಯಿಸುವುದು

ಓವನ್ 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕನಿಷ್ಠ ಅರ್ಧ ಗಂಟೆ ಕಾಯಲಿ. ಸಿದ್ಧವಾಗಿದೆಯೆಂದು ದೀಪ ಸೂಚಿಸಿದರೂ ಒಳಗಿನ ಗೋಡೆಗಳು ಆಗಿನ್ನೂ ಪೂರ್ತಿ ಬಿಸಿಯಾಗಿರುವುದಿಲ್ಲ, ಬಾಗಿಲು ತೆರೆದ ಕೂಡಲೇ ಉಷ್ಣಾಂಶ ಇಳಿಯುತ್ತದೆ. ಮನೆಯ ಓವನ್ನುಗಳ ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಬಿಸಿಗೂ ಹತ್ತು–ಇಪ್ಪತ್ತು ಡಿಗ್ರಿ ಅಂತರವಿರುವುದು ಸಾಮಾನ್ಯ. ಒಳಗೆ ತೂಗುಹಾಕುವ ಚಿಕ್ಕ ಥರ್ಮಾಮೀಟರ್ ಈ ಗುಟ್ಟನ್ನು ಬಯಲುಮಾಡುತ್ತದೆ. ಫ್ಯಾನ್ ಇರುವ ಓವನ್ನಿನಲ್ಲಿ 20 ಡಿಗ್ರಿ ಕಡಿಮೆ ಇಡಿ. ಬರಿಯ ಮೈಕ್ರೋವೇವ್ ತರಂಗಗಳಿಂದ ಹೊರಪದರ ಕೆಂಪಾಗುವುದಿಲ್ಲ, ಅಂಥ ಉಪಕರಣದಲ್ಲಿ ಕನ್ವೆಕ್ಷನ್ (ಬಿಸಿ ಗಾಳಿಯಿಂದ ಬೇಯಿಸುವ) ವಿಧಾನವಿದ್ದರೆ ಮಾತ್ರ ಬ್ರೆಡ್ಡಿಗೆ ಒದಗುತ್ತದೆ.

ಟಿನ್ನನ್ನು ಕೆಳಗಿನ ಮೂರನೆಯ ಒಂದು ಭಾಗದಲ್ಲಿ, ಬ್ರೆಡ್ಡಿನ ನೆತ್ತಿ ಓವನ್ನಿನ ನಡುವಿಗೆ ಬರುವಂತೆ ಇಡಬೇಕು. ಹರಿತವಾದ ಬ್ಲೇಡಿನಿಂದ ಉದ್ದಕ್ಕೆ ಒಂದು ಸೆಂಟಿಮೀಟರ್ ಆಳದ ಗೆರೆ ಕೊಯ್ದರೆ ಬ್ರೆಡ್ ಅಡ್ಡಾದಿಡ್ಡಿಯಾಗಿ ಬಿರಿಯದೆ ಆ ಗೆರೆಯಲ್ಲೇ ಅರಳುತ್ತದೆ. ಮೊದಲ ಹತ್ತು ನಿಮಿಷ ಒಳಗೆ ಹಬೆಯಿದ್ದರೆ ಮೇಲ್ಮೈ ಬೇಗ ಗಟ್ಟಿಯಾಗದೆ ಬ್ರೆಡ್ ಇನ್ನಷ್ಟು ಏರುತ್ತದೆ. ಇದಕ್ಕಾಗಿ ಕೆಳಗಿನ ತಟ್ಟೆಯೊಂದನ್ನು ಓವನ್ನಿನೊಂದಿಗೇ ಕಾಯಿಸಿ, ಬ್ರೆಡ್ ಇಟ್ಟ ಕೂಡಲೇ ಅದಕ್ಕೆ ಒಂದು ಲೋಟ ಬಿಸಿನೀರು ಹೊಯ್ಯಬಹುದು. ತಟ್ಟೆ ಲೋಹದ್ದೇ ಆಗಿರಲಿ. ಕೈಗೆ ದಪ್ಪ ಕೈಗವಸು ಇರಲಿ, ಮುಖವನ್ನು ಬಾಗಿಲಿನಿಂದ ದೂರವಿಡಿ, ಬಾಗಿಲಿನ ಗಾಜಿನ ಮೇಲೆ ನೀರು ಬೀಳದಿರಲಿ.

ಒಳಗೆ ನಡೆಯುವುದನ್ನು ತಿಳಿದಿದ್ದರೆ ಬಾಗಿಲನ್ನು ಮತ್ತೆ ಮತ್ತೆ ತೆರೆದು ನೋಡುವ ಆಸೆ ಕಡಿಮೆಯಾಗುತ್ತದೆ. ಮೊದಲ ಹತ್ತು–ಹನ್ನೆರಡು ನಿಮಿಷಗಳಲ್ಲಿ ಅನಿಲ ಹಿಗ್ಗುತ್ತದೆ, ಯೀಸ್ಟ್ ಬಿಸಿಗೆ ಚುರುಕಾಗಿ ಕೊನೆಯದೊಂದು ಸಲ ಅನಿಲ ಬಿಡುತ್ತದೆ, ಬ್ರೆಡ್ ಕಣ್ಣೆದುರೇ ಏರುತ್ತದೆ. ಒಳಭಾಗ 55–60 ಡಿಗ್ರಿ ಮುಟ್ಟಿದಾಗ ಯೀಸ್ಟ್ ಸಾಯುತ್ತದೆ. 60 ಡಿಗ್ರಿಯಿಂದ ಮುಂದೆ ಪಿಷ್ಟ ನೀರನ್ನು ಹೀರಿ ಉಬ್ಬಿ, ಪ್ರೋಟೀನುಗಳು ಗಟ್ಟಿಯಾಗಿ ಆಕಾರ ನೆಲೆಗೊಳ್ಳುತ್ತದೆ. ಹೊರಪದರದ ಹೊಂಬಣ್ಣ ಮತ್ತು ಪರಿಮಳ ಬರುವುದು ಸಕ್ಕರೆ ಹಾಗೂ ಅಮೈನೋ ಆಮ್ಲಗಳು ಬಿಸಿಗೆ ಕೂಡಿದಾಗ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ಅವರ ಹೆಸರೇ ಅದಕ್ಕೆ ನಿಂತಿದೆ. ಹದಿನೈದು ನಿಮಿಷವಾದ ಮೇಲೆ ಉಷ್ಣಾಂಶವನ್ನು 200 ಡಿಗ್ರಿಗೆ ಇಳಿಸಿ, ಮತ್ತೆ 20ರಿಂದ 25 ನಿಮಿಷ ಬೇಯಿಸಿ. ಚಿಕ್ಕ ಓವನ್ನುಗಳಲ್ಲಿ ಮೇಲಿನ ಕಾಯುವ ಸುರುಳಿ ಹತ್ತಿರವಿರುವುದರಿಂದ ನೆತ್ತಿ ಬೇಗ ಕಪ್ಪಾಗಬಹುದು, ಆಗ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ. ಬ್ರೆಡ್ಡಿನ ನಡುವಿಗೆ ಥರ್ಮಾಮೀಟರ್ ಚುಚ್ಚಿದಾಗ 95 ಡಿಗ್ರಿ ತೋರಿಸಿದರೆ ಬೆಂದಿದೆ. ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿ ಪೊಳ್ಳು ಸದ್ದು ಕೇಳುವ ಹಳೆಯ ಪರೀಕ್ಷೆಯೂ ಉಪಯುಕ್ತವೇ, ಆದರೆ ಕಿವಿ ಪಳಗಿರಬೇಕು.

ಆರಲು ಬಿಡುವುದು, ಇಟ್ಟುಕೊಳ್ಳುವುದು

ಬ್ರೆಡ್ಡನ್ನು ಕೂಡಲೇ ಟಿನ್ನಿನಿಂದ ಹೊರತೆಗೆದು ತಂತಿಯ ಜಾಲರಿಯ ಮೇಲಿಡಿ; ಟಿನ್ನಿನಲ್ಲೇ ಬಿಟ್ಟರೆ ಹಬೆ ನೀರಾಗಿ ತಳ ಒದ್ದೆಯಾಗುತ್ತದೆ. ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ ಕತ್ತರಿಸಬೇಡಿ. ಒಳಗಿನ ತೇವ ಹಂಚಿಹೋಗಿ ಪಿಷ್ಟ ಗಟ್ಟಿಯಾಗುವ ಕೆಲಸ ಆಗಿನ್ನೂ ನಡೆಯುತ್ತಿರುತ್ತದೆ, ಬಿಸಿಯಲ್ಲೇ ಕೊಯ್ದರೆ ತಿರುಳು ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ.

ಬ್ರೆಡ್ ಹಳತಾಗಿ ಗಡುಸಾಗುವುದು ಒಣಗುವುದರಿಂದ ಮಾತ್ರವಲ್ಲ, ಪಿಷ್ಟದ ಕಣಗಳು ಮತ್ತೆ ಹರಳುಗಟ್ಟುವುದರಿಂದ. ಈ ಕ್ರಿಯೆ ಫ್ರಿಜ್ಜಿನ ತಂಪಿನಲ್ಲಿ ಅತ್ಯಂತ ವೇಗವಾಗಿ ನಡೆಯುವುದರಿಂದ ಬ್ರೆಡ್ಡನ್ನು ಅಲ್ಲಿ ಇಡಬಾರದು. ಎರಡು ಮೂರು ದಿನಕ್ಕೆ ಸಾಕಾಗುವಷ್ಟನ್ನು ಹೊರಗೆ ಡಬ್ಬಿಯಲ್ಲಿಟ್ಟು, ಉಳಿದುದನ್ನು ಹೋಳು ಮಾಡಿ ಫ್ರೀಜರಿನಲ್ಲಿಡಿ. ಹೋಳನ್ನು ನೇರವಾಗಿ ಬಿಸಿಮಾಡಿದರೆ ಹರಳುಗಟ್ಟಿದ ಪಿಷ್ಟ ಸಡಿಲಗೊಂಡು ಮೃದುತ್ವ ಮರಳುತ್ತದೆ. ತೀರಾ ಸೆಕೆ ಮತ್ತು ತೇವ ಇರುವ ದಿನಗಳಲ್ಲಿ ಬೂಷ್ಟು ಬೇಗ ಬರುವುದರಿಂದ ಮೊದಲ ದಿನವೇ ಫ್ರೀಜರಿಗೆ ಸೇರಿಸುವುದು ಒಳ್ಳೆಯದು.

ಕೊಯ್ದ ಹೋಳನ್ನು ಓದುವುದು

ಮೊದಲ ಹೋಳನ್ನು ತಿನ್ನುವ ಮುನ್ನ ಬೆಳಕಿನಲ್ಲಿ ಹಿಡಿದು ನೋಡಿ. ತಳದ ಕಡೆ ತಿರುಳು ಒತ್ತಾಗಿ, ಮೇಲೆ ಒಂದೆರಡು ದೊಡ್ಡ ತೂತುಗಳಿದ್ದು, ಪಕ್ಕದಲ್ಲಿ ಬ್ರೆಡ್ ಒಡೆದುಕೊಂಡಿದ್ದರೆ ಉಬ್ಬಲು ಸಾಕಷ್ಟು ಸಮಯ ಕೊಟ್ಟಿಲ್ಲ. ನೆತ್ತಿ ಚಪ್ಪಟೆಯಾಗಿ ಸುಕ್ಕುಗಟ್ಟಿ, ಬಣ್ಣ ಪೇಲವವಾಗಿ, ವಾಸನೆಯಲ್ಲಿ ಹುಳಿ ಅಥವಾ ಮದ್ಯದ ಛಾಯೆ ಇದ್ದರೆ ಸಮಯ ಮೀರಿದೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸಿರುವುದರಿಂದ ಬಣ್ಣ ಬರಲು ಏನೂ ಉಳಿದಿಲ್ಲ. ತಳದಲ್ಲಿ ಅಂಟಂಟಾದ ಒದ್ದೆ ಪಟ್ಟಿ ಕಂಡರೆ ಬೇಯುವುದು ಸಾಲದು. ತಿರುಳೆಲ್ಲ ಸಮನಾಗಿದ್ದೂ ಬ್ರೆಡ್ ಭಾರವಾಗಿದ್ದರೆ ನಾದುವಾಗ ಹಿಟ್ಟು ಹೆಚ್ಚು ಸೇರಿರುವ ಸಾಧ್ಯತೆ ಅಧಿಕ. ಕೋಣೆ, ನೀರು, ಕಣಕ ಈ ಮೂರರ ಉಷ್ಣಾಂಶ ಮತ್ತು ಎರಡು ಉಬ್ಬುಗಳಿಗೆ ಹಿಡಿದ ಸಮಯವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ಸಲ ಏನನ್ನು ತಿದ್ದಬೇಕೆಂಬುದು ಆ ಸಾಲಿನಲ್ಲೇ ಕಾಣಿಸುತ್ತದೆ.

ಮುಂದಿನ ಹೆಜ್ಜೆಗಳು

ಈ ಕಣಕ ಕೈವಶವಾದ ಮೇಲೆ ಬದಲಾವಣೆಗಳು ಸುಲಭ. 325 ಗ್ರಾಂ ನೀರಿನ ಬದಲು ಅಷ್ಟೇ ತೂಕದ ಹಾಲು, ಜೊತೆಗೆ 30 ಗ್ರಾಂ ಬೆಣ್ಣೆ ಹಾಕಿದರೆ ತಿರುಳು ಮೆತ್ತಗಾಗುತ್ತದೆ. ಹಾಲಿನಲ್ಲಿರುವ ಸಕ್ಕರೆಯಿಂದ ಮೇಲ್ಮೈ ಬೇಗ ಕೆಂಪಾಗುವುದರಿಂದ ಆರಂಭದ ಬಿಸಿಯನ್ನು 200 ಡಿಗ್ರಿಗೆ ಇಳಿಸಬೇಕು. ಗಟ್ಟಿ ಗರಿಗರಿ ಹೊರಪದರದ ದುಂಡು ಬ್ರೆಡ್ ಬೇಕಿದ್ದರೆ ದಪ್ಪ ತಳದ, ಮುಚ್ಚಳವಿರುವ ಕಬ್ಬಿಣದ ಪಾತ್ರೆಯನ್ನು 230 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ, ಕಣಕವನ್ನು ಅದರೊಳಗಿಳಿಸಿ, ಮುಚ್ಚಿ 25 ನಿಮಿಷ ಹಾಗೂ ಮುಚ್ಚಳ ತೆಗೆದು 15–20 ನಿಮಿಷ ಬೇಯಿಸಿ. ಕಣಕದ ತೇವವೇ ಹಬೆಯಾಗಿ ಒಳಗೆ ನಿಲ್ಲುತ್ತದೆ.

ಪೊಟ್ಟಣದ ಯೀಸ್ಟನ್ನು ಬಿಟ್ಟು ಸಾರ್‌ಡೋ, ಅಂದರೆ ಮನೆಯಲ್ಲೇ ಬೆಳೆಸಿದ ಹುದುಗಿನಿಂದ ಉಬ್ಬಿಸುವ ಹುಳಿ ಬ್ರೆಡ್, ಮಾಡಬಯಸುವವರು ಸಮತೂಕದ ಹಿಟ್ಟು ಮತ್ತು ನೀರನ್ನು ಬಾಟಲಿಯಲ್ಲಿ ಕಲಸಿಟ್ಟು, ದಿನಕ್ಕೊಮ್ಮೆ ಅದರ ಹೆಚ್ಚಿನ ಭಾಗವನ್ನು ತೆಗೆದು ಹೊಸ ಹಿಟ್ಟು, ನೀರು ಸೇರಿಸುತ್ತ ಬರಬೇಕು. ಎರಡು–ಮೂರನೆಯ ದಿನ ಏಳುವ ಗುಳ್ಳೆಗಳನ್ನು ನೋಡಿ ಸಿದ್ಧವಾಯಿತೆಂದು ತಿಳಿಯಬಾರದು, ಅವು ಬೇರೆ ಬ್ಯಾಕ್ಟೀರಿಯಾಗಳವು. ಆಮೇಲೆ ಕೆಲವು ದಿನ ಎಲ್ಲವೂ ಸ್ತಬ್ಧವಾದಂತೆ ತೋರುತ್ತದೆ. ಬಹಳಷ್ಟು ಮಂದಿ ಎಸೆದುಬಿಡುವುದು ಆಗಲೇ. ಹುಳಿ ಹೆಚ್ಚಾದಂತೆ ಮೊದಲಿನ ಬ್ಯಾಕ್ಟೀರಿಯಾಗಳು ಹಿಂದೆ ಸರಿದು, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳೂ ಕಾಡು ಯೀಸ್ಟೂ ನೆಲೆಯೂರುತ್ತವೆ. ಇದಕ್ಕೆ ಒಂದರಿಂದ ಎರಡು ವಾರ ಹಿಡಿಯುತ್ತದೆ. ಹಿಟ್ಟು ಕೊಟ್ಟ ನಾಲ್ಕರಿಂದ ಎಂಟು ಗಂಟೆಯೊಳಗೆ ಅದು ಎರಡುಪಟ್ಟಾಗತೊಡಗಿದರೆ ಬಳಕೆಗೆ ಯೋಗ್ಯ. ಆಗ ಇದೇ ಅಳತೆಗೆ 100 ಗ್ರಾಂ ಹುದುಗನ್ನು ತೆಗೆದುಕೊಂಡು, ಅದರಲ್ಲಿರುವ ಹಿಟ್ಟು ಮತ್ತು ನೀರನ್ನು ಲೆಕ್ಕಕ್ಕೆ ಹಿಡಿದು, 450 ಗ್ರಾಂ ಹಿಟ್ಟು, 275 ಗ್ರಾಂ ನೀರು, 10 ಗ್ರಾಂ ಉಪ್ಪು ಸೇರಿಸಿ ನಾದಿ. 26 ಡಿಗ್ರಿಯಲ್ಲಿ ಮೊದಲ ಉಬ್ಬಿಗೆ ನಾಲ್ಕರಿಂದ ಆರು ಗಂಟೆ ಬೇಕು, ಮತ್ತು ಇಲ್ಲಿ ಎರಡುಪಟ್ಟಾಗುವವರೆಗೆ ಕಾಯದೆ ಒಂದೂವರೆ ಪಟ್ಟು ದಾಟಿದಾಗಲೇ ಆಕಾರ ಕೊಡಬೇಕು.